ಕೈ ಇಟ್ಟು ನೋಡಿದ ಗೆರೆ: ಜ್ವಾಲಾಮುಖಿಯ ಪದರಗಳನ್ನು ನಕ್ಷೆಗೆ ಇಳಿಸುವ ಬಗೆ

ನನ್ನ ಮೊದಲ ನಕ್ಷೆ ನೋಡಲು ಬಲು ಚೆನ್ನಾಗಿತ್ತು. ಹನ್ನೊಂದು ಬಣ್ಣ, ನುಣುಪಾದ ಗೆರೆಗಳು, ಮುದ್ದಾದ ಅಕ್ಷರ. ಮೇಷ್ಟ್ರು ಅದನ್ನು ಮೇಜಿನ ಮೇಲೆ ಹರಡಿ, ಒಂದು ಗೆರೆಯ ಮೇಲೆ ಬೆರಳಿಟ್ಟರು. "ಈ ಗೆರೆ ಇರೋ ಜಾಗದಲ್ಲಿ ಕೈ ಇಟ್ಟು ನೋಡಿದ್ದೀಯೇನಮ್ಮ?" ನೋಡಿರಲಿಲ್ಲ. ಎದುರಿನ ದಿಬ್ಬದ ಮೇಲೆ ನಿಂತು ಅಂದಾಜಿನಲ್ಲಿ ಎಳೆದಿದ್ದೆ. ಇನ್ನೊಂದು ಗೆರೆ ತೋರಿಸಿದರು. ಅದನ್ನೂ ಮುಟ್ಟಿರಲಿಲ್ಲ. ಸಂಜೆಯ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಗೆರೆಗಳನ್ನು ಅಳಿಸಿ, ತುಂಡು ಗೆರೆಗಳಾಗಿ ಬರೆದಿದ್ದೆ.

ಜ್ವಾಲಾಮುಖಿಯ ನಕ್ಷೆ ಮಾಡಲು ಹೊರಟವರು ಕಲ್ಲುಗಳ ಹೆಸರು ಕಲಿಯುವುದರಲ್ಲೇ ತಿಂಗಳುಗಟ್ಟಲೆ ಕಳೆಯುತ್ತಾರೆ. ಅದೂ ಬೇಕು. ಆದರೆ ಎರಡು ಪದರಗಳು ಸೇರುವ ಜಾಗ, ಅಂದರೆ ನಾವು ಕಾಂಟ್ಯಾಕ್ಟ್ ಎನ್ನುವುದು, ಅದಕ್ಕಿಂತ ಮುಖ್ಯ. ಒಂದು ಸ್ಫೋಟ ಕೆಲವು ಗಂಟೆಗಳಲ್ಲಿ ಹತ್ತು ಮೀಟರ್ ಬೂದಿ ಸುರಿಯಬಹುದು. ಅದರ ಮೇಲಿನ ಒಂದು ಗೇಣು ಕಂದು ಮಣ್ಣಿಗೆ ಸಾವಿರ ವರ್ಷ ಹಿಡಿದಿರಬಹುದು. ದಪ್ಪ ನೋಡಿ ಕಾಲ ಅಳೆಯಲು ಹೋದರೆ ಕೆಟ್ಟಿರಿ. ಹಾಗಾಗಿ ನಾನು ಹೇಳುವ ಕ್ರಮದಲ್ಲಿ ಕಲ್ಲಿಗಿಂತ ಕಲ್ಲುಗಳ ನಡುವಿನ ಸಂದಿಗೆ ಜಾಸ್ತಿ ಹೊತ್ತು ಹೋಗುತ್ತದೆ.

ಮೊದಲು ದೂರದಿಂದ

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನಮ್ಮ ಕೆಲಸದಲ್ಲಿ ಆ ನುಣುಪೇ ಮೊದಲು ಬೇಕು. ಹತ್ತಿರ ಹೋದ ಮೇಲೆ ಕಲ್ಲು ಕಾಣುತ್ತದೆ, ಬೆಟ್ಟ ಕಾಣುವುದಿಲ್ಲ.

ಒಂದು ವಾರ ಮನೆಯಲ್ಲೇ ಕುಳಿತು ವಿಮಾನದ ಫೋಟೋ, ಉಪಗ್ರಹ ಚಿತ್ರಗಳನ್ನು ನೋಡಿ. ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳೆಯುವ ಲೈಡಾರ್‌ನಿಂದ ಮಾಡಿದ ಎತ್ತರದ ಮಾದರಿ ಸಿಕ್ಕರೆ ಅದೃಷ್ಟ, ಏಕೆಂದರೆ ಅದು ಮರಗಿಡಗಳನ್ನು ತೆಗೆದುಹಾಕಿ ಬರಿ ನೆಲವನ್ನು ತೋರಿಸುತ್ತದೆ. ಲಾವಾ ಹರಿದ ಕಡೆ ಎರಡು ಬದಿಗೂ ಏರಿ ಕಟ್ಟಿದಂತೆ ದಂಡೆ, ಕೊನೆಯಲ್ಲಿ ನಾಲಗೆಯಂತೆ ಚಾಚಿದ ಕಡಿದಾದ ಅಂಚು ಕಾಣುತ್ತದೆ. ಯಾವ ನಾಲಗೆ ಯಾವುದರ ಮೇಲೆ ಹತ್ತಿದೆ ಎಂದು ನೋಡಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಪೆನ್ಸಿಲ್‌ನಲ್ಲಿ ಮಾತ್ರ. ಅದು ಊಹೆ, ನೆಲದ ಮೇಲೆ ಹೋಗಿ ಪರೀಕ್ಷಿಸಬೇಕಾದ ಪ್ರಶ್ನೆ.

ಅರ್ಥವಾಗದ ಆಕಾರಗಳಿಗೂ ಗುರುತು ಹಾಕಿ. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಎಂಬ ಜ್ವಾಲಾಮುಖಿ ಪರ್ವತದ ಉತ್ತರದ ಮೈ ಕುಸಿಯಿತು. ಸುಮಾರು 2.5 ಘನ ಕಿಲೋಮೀಟರ್ ಕಲ್ಲು ಮಣ್ಣು ಕಣಿವೆಗೆ ಜಾರಿ, ಗುಡ್ಡೆ ಗುಡ್ಡೆಯಾಗಿ ನಿಂತಿತು. ಅದನ್ನು ಕಂಡ ಮೇಲೆಯೇ ಕ್ಯಾಲಿಫೋರ್ನಿಯಾದ ಶಾಸ್ತಾ ಪರ್ವತದ ತಪ್ಪಲಲ್ಲಿ ಹರಡಿದ್ದ ನೂರಾರು ಗುಡ್ಡೆಗಳು ಏನೆಂದು ಗೊತ್ತಾಯಿತು. ಅವೂ ಲಕ್ಷಾಂತರ ವರ್ಷದ ಹಿಂದೆ ಕುಸಿದ ಒಂದು ಪರ್ವತದ ತುಂಡುಗಳೇ. ಅಂಥ ಗುಡ್ಡೆಯನ್ನು ಕಡಿದ ಜಾಗ ಸಿಕ್ಕರೆ ಒಡೆದ ಕಲ್ಲುಗಳನ್ನು ನೋಡಿ: ಚೂರು ಚೂರಾಗಿದ್ದರೂ ಪಕ್ಕದ ಚೂರಿಗೆ ಸರಿಯಾಗಿ ಹೊಂದುತ್ತವೆ, ಅಷ್ಟೂ ಒಟ್ಟಿಗೇ ಜಾರಿ ಬಂದಿವೆ.

ಚೀಲ, ಮತ್ತು ಕಂಪಾಸಿನ ಕಾಟ

ಸುತ್ತಿಗೆ, ಹತ್ತು ಪಟ್ಟು ದೊಡ್ಡದು ಮಾಡುವ ಹ್ಯಾಂಡ್ ಲೆನ್ಸ್, ಟೇಪು, ಜಿಪಿಎಸ್, ನೀರಿಗೆ ಕೆಡದ ನೋಟ್‌ಪುಸ್ತಕ, 1:10,000 ಅಳತೆಯ ಎತ್ತರರೇಖೆಗಳ ನಕ್ಷೆ. ಇವನ್ನು ಎಲ್ಲರೂ ಒಯ್ಯುತ್ತಾರೆ. ಜ್ವಾಲಾಮುಖಿಗೆ ಇನ್ನೂ ಎರಡು ಬೇಕು: ಗಾರೆ ಕೆಲಸದವರ ಕರಣೆ, ಮತ್ತೊಂದು ಗಟ್ಟಿ ಬ್ರಷ್. ಬೂದಿಯ ಪದರಗಳು ಮೆತ್ತಗಿರುತ್ತವೆ. ಅಲ್ಲಿ ಸುತ್ತಿಗೆಗಿಂತ ಕರಣೆಗೇ ಹೆಚ್ಚು ಕೆಲಸ.

ಇನ್ನು ಕಂಪಾಸು. ಬಸಾಲ್ಟ್‌ನಂಥ ಕಪ್ಪು ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಧಾರಾಳವಾಗಿರುತ್ತದೆ. ಕಲ್ಲಿಗೆ ಒತ್ತಿ ಹಿಡಿದರೆ ಮುಳ್ಳು ತನ್ನ ದಿಕ್ಕು ಬಿಟ್ಟು ಕಲ್ಲಿನ ಮಾತು ಕೇಳುತ್ತದೆ. ಸಿಡಿಲು ಬಡಿದ ಶಿಖರಗಳಲ್ಲಂತೂ ಎರಡು ಹೆಜ್ಜೆಗೆ ಉತ್ತರ ದಿಕ್ಕೇ ಬದಲಾಗಿಬಿಡುತ್ತದೆ. ನಾನೊಮ್ಮೆ ಒಂದೇ ಡೈಕಿನ ದಿಕ್ಕನ್ನು ಆರು ಕಡೆ ಅಳೆದು, ಆರು ಬೇರೆ ಉತ್ತರ ಬರೆದುಕೊಂಡು ಬಂದೆ. ಡೈಕು ಅಂದರೆ ಬಿರುಕಿನಲ್ಲಿ ಗೋಡೆಯ ಹಾಗೆ ಗಟ್ಟಿಯಾದ ಶಿಲಾರಸ. ಅದು ನೆಟ್ಟಗೆ ಇದ್ದದ್ದು ಕಣ್ಣಿಗೇ ಕಾಣುತ್ತಿತ್ತು, ಆದರೂ ಕಂಪಾಸನ್ನೇ ನಂಬಿದ್ದೆ! ಈಗ ಹೀಗೆ ಮಾಡುತ್ತೇನೆ: ಕಲ್ಲಿನಿಂದ ನಾಲ್ಕೈದು ಹೆಜ್ಜೆ ದೂರ ನಿಂತು ಅಳೆಯುತ್ತೇನೆ. ಆಮೇಲೆ ಆ ತುದಿಗೆ ಹೋಗಿ ವಾಪಸ್ ಈ ಕಡೆಗೆ ಗುರಿಯಿಟ್ಟು ಅಳೆಯುತ್ತೇನೆ. ಎರಡರ ನಡುವೆ 180 ಡಿಗ್ರಿ ವ್ಯತ್ಯಾಸ ಬರದಿದ್ದರೆ ಆ ಅಳತೆಯನ್ನು ಹೊಡೆದುಹಾಕುತ್ತೇನೆ. ಇಳಿಜಾರಿನ ಕೋನ ಅಳೆಯಲು ಮಾತ್ರ ಭಯವಿಲ್ಲ, ಕ್ಲೈನೋಮೀಟರು ಕಾಂತದ ಮಾತು ಕೇಳುವುದಿಲ್ಲ.

ಒಂದು ಕೊರಕಲಿನ ಮುಂದೆ ಅರ್ಧ ದಿನ

ಮೊದಲ ದಿನವೇ ಬೆಟ್ಟ ಸುತ್ತಲು ಹೋಗಬೇಡಿ. ಹಳ್ಳ ಕೊರೆದ ಒಂದು ಒಳ್ಳೆಯ ಗೋಡೆ ಹುಡುಕಿ, ಅದರ ಮುಂದೆ ಕುಳಿತುಕೊಳ್ಳಿ. ಕರಣೆಯಿಂದ ಒಂದು ಮೀಟರ್ ಅಗಲಕ್ಕೆ ಮೇಲಿನಿಂದ ಕೆಳಕ್ಕೆ ಕೆರೆದು ಹೊಸ ಮುಖ ತೆಗೆಯಿರಿ. ಮೇಲಿನಿಂದಲೇ ಶುರುಮಾಡಿ, ಇಲ್ಲದಿದ್ದರೆ ಕೆರೆದ ಜಾಗದ ಮೇಲೇ ಮಣ್ಣು ಸುರಿಯುತ್ತದೆ. ಹಳೆಯ ಮುಖದ ಮೇಲೆ ಮಳೆ ನೀರು ಇಳಿಸಿದ ಕೆಸರಿನ ಲೇಪ ಇರುತ್ತದೆ. ಅದನ್ನು ಪದರ ಎಂದು ಬರೆದುಕೊಂಡವರನ್ನು ನೋಡಿದ್ದೇನೆ.

ಆಮೇಲೆ ಚಿತ್ರ ಬರೆಯಿರಿ. ಫೋಟೋ ಸಾಲದೇ ಅಂತ ಕೇಳಬೇಡಿ. ಕ್ಯಾಮೆರಾ ಎಲ್ಲವನ್ನೂ ಸಮನಾಗಿ ನೋಡುತ್ತದೆ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದನ್ನು ಪೆನ್ಸಿಲ್ ಹಿಡಿದ ಕೈಯೇ ತೀರ್ಮಾನಿಸಬೇಕು. ಪ್ರತಿ ಪದರಕ್ಕೂ ದಪ್ಪ, ಬಣ್ಣ, ಕಣಗಳ ಗಾತ್ರ, ಕಣಗಳು ಒಂದೇ ಗಾತ್ರದವೋ ಬೆರಕೆಯೋ, ಕೆಳಗಿನ ಅಂಚು ಹೇಗಿದೆ, ಮೇಲಿನ ಅಂಚು ಹೇಗಿದೆ ಎಂದು ಬರೆಯಿರಿ. 2 ಮಿಲಿಮೀಟರಿಗಿಂತ ಚಿಕ್ಕದು ಬೂದಿ, 2ರಿಂದ 64 ಮಿಲಿಮೀಟರ್ ಲ್ಯಾಪಿಲಿ, ಅದಕ್ಕೂ ದೊಡ್ಡದು ಬ್ಲಾಕ್ ಅಥವಾ ಬಾಂಬ್. ದಪ್ಪವನ್ನು ಪದರದ ಮೈಗೆ ಲಂಬವಾಗಿ ಅಳೆಯಬೇಕು. 25 ಡಿಗ್ರಿ ವಾಲಿದ ಪದರವನ್ನು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಟೇಪು ಇಳಿಬಿಟ್ಟು 12 ಮೀಟರ್ ಅಂತ ಬರೆದರೆ, ನಿಜವಾದ ದಪ್ಪ 10.9 ಮೀಟರ್ ಅಷ್ಟೇ.

ಬೂದಿ ಮತ್ತು ಕಲ್ಲುಚೂರಿನ ಪದರ ಕಂಡಾಗ ನಾನು ಕೇಳುವ ಮೊದಲ ಪ್ರಶ್ನೆ: ಇದು ಮೇಲಿನಿಂದ ಬಿದ್ದದ್ದೋ, ನೆಲದ ಮೇಲೆ ಹರಿದು ಬಂದದ್ದೋ? ಆಕಾಶದಿಂದ ಉದುರಿದ್ದಾದರೆ ದಿಬ್ಬದ ಮೇಲೂ ತಗ್ಗಿನಲ್ಲೂ ಹೆಚ್ಚುಕಡಿಮೆ ಒಂದೇ ದಪ್ಪಕ್ಕೆ ಕಂಬಳಿ ಹೊದಿಸಿದಂತೆ ಇರುತ್ತದೆ. ಕಣಗಳು ಒಂದೇ ಗಾತ್ರದವು, ಅಂಚು ಚೂಪು. ಬಿಸಿ ಬೂದಿ, ಅನಿಲ, ಕಲ್ಲು ಒಟ್ಟಾಗಿ ಹರಿದು ಬಂದಿದ್ದರೆ ತಗ್ಗಿನಲ್ಲಿ ದಪ್ಪ, ದಿಬ್ಬದ ಮೇಲೆ ತೆಳು. ಹಿಟ್ಟಿನಂಥ ಬೂದಿಯಲ್ಲಿ ತಲೆಗಾತ್ರದ ಕಲ್ಲು ಸಿಕ್ಕಿಕೊಂಡಿರುತ್ತದೆ. ಹಗುರವಾದ, ಸುಂಟರಗಾಳಿಯಂಥ ಹರಿವು ಬಂದಿದ್ದರೆ ಮರಳ ದಿನ್ನೆಯ ಹಾಗೆ ಓರೆಯೋರೆ ಗೆರೆಗಳು.

ಜ್ವಾಲಾಮುಖಿಯ ಕೆಸರು ಹರಿವಿಗೆ ಲಹಾರ್ ಎನ್ನುತ್ತಾರೆ. ಅದು ಬಿಸಿ ಹರಿವಿನ ಅವಳಿಯಂತೆ ಕಾಣುತ್ತದೆ. ಅದರಲ್ಲೂ ದೊಡ್ಡ ಚಿಕ್ಕ ಎಲ್ಲಾ ಬೆರಕೆ. ಬೇರೆ ಮಾಡಲು ಶಾಖದ ಗುರುತು ಹುಡುಕಬೇಕು. ಮರದ ತುಂಡು ಇದ್ದಿಲಾಗಿದೆಯೋ, ಹಾಗೇ ಕೊಳೆತಿದೆಯೋ? ಪದರದ ಮೇಲ್ಭಾಗ ನಸುಗೆಂಪಾಗಿದೆಯೋ? ಅನಿಲ ಮೇಲಕ್ಕೆ ನುಗ್ಗಿದಾಗ ಸಣ್ಣ ಬೂದಿ ಹಾರಿಹೋಗಿ, ಬರಿ ಜಲ್ಲಿ ಉಳಿದ ಕೊಳವೆಗಳಿವೆಯೋ? ಕೆಸರು ಒಣಗುವಾಗ ಒಳಗೆ ಸಿಕ್ಕ ಗಾಳಿಗುಳ್ಳೆಗಳ ಗುಂಡು ತೂತುಗಳು ಮಣ್ಣಿನಲ್ಲಿ ಉಳಿದಿದ್ದರೆ ಲಹಾರ್ ಕಡೆಗೆ ನನ್ನ ಮತ. ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ. ಇದ್ದಿಲು ಹಳೆಯ ಪದರದಿಂದ ಕೊಚ್ಚಿ ಬಂದಿರಲೂಬಹುದು.

ಲಾವಾ ಹರಿವಿಗೆ ಅಡಿಯೂ ಇದೆ, ತಲೆಯೂ ಇದೆ. ಹಲವು ಹರಿವುಗಳಲ್ಲಿ ಕೆಳಗೆ ಪುಡಿಗಲ್ಲು, ನಡುವೆ ಗಟ್ಟಿ ಕಲ್ಲು, ಮೇಲೆ ಮತ್ತೆ ಪುಡಿಗಲ್ಲು. ಹೊಸಬರು ಇವನ್ನು ಮೂರು ಪದರ ಎಂದು ಎಣಿಸುತ್ತಾರೆ. ನಾನೂ ಎಣಿಸಿದ್ದೆ. ಮೂರೂ ಒಂದೇ ಹರಿವು.

ಸಂದಿಯಲ್ಲಿ ಏನಿದೆ?

ಈಗ ಮುಖ್ಯ ವಿಷಯಕ್ಕೆ ಬಂದೆ. ಎರಡು ಪದರಗಳ ನಡುವೆ ಕೈ ಇಟ್ಟು ಹುಡುಕಬೇಕಾದದ್ದು ಮೂರು: ಮಣ್ಣು, ಕೊರೆತ, ಸುಟ್ಟ ಗುರುತು.

ಮಣ್ಣು ಅಂದರೆ ಕಂದು ಬಣ್ಣ, ಬೇರಿನ ತೂತುಗಳು, ಬೆರಳಲ್ಲಿ ಉಜ್ಜಿದರೆ ಜಿಗುಟು. ಅದಿದ್ದರೆ ಎರಡು ಸ್ಫೋಟಗಳ ನಡುವೆ ಗಿಡ ಬೆಳೆಯುವಷ್ಟು ಕಾಲ ಸಂದಿದೆ. ಕೊರೆತ ಅಂದರೆ ಕೆಳಗಿನ ಪದರಗಳನ್ನು ಕತ್ತರಿಸಿಕೊಂಡು ಹೋದ ಅಂಕುಡೊಂಕು ಅಂಚು. ಹಳ್ಳ ಹರಿದ ಗುರುತು ಅದು. ಆದರೆ ಬಿಸಿ ಹರಿವೊಂದು ತಾನು ಬರುವಾಗಲೇ ನೆಲವನ್ನು ಕೆರೆದಿರಲೂಬಹುದು. ಅದಕ್ಕೇ ಆ ಅಂಚನ್ನು ಒಂದೇ ಕಡೆ ನೋಡದೆ ಹಲವು ಕೊರಕಲುಗಳಲ್ಲಿ ಹುಡುಕಿ.

ಸುಟ್ಟ ಗುರುತಿಗೆ ಒಂದು ಹಳೆಯ ಕತೆಯಿದೆ. ಫ್ರಾನ್ಸಿನ ಬರ್ನಾರ್ ಬ್ರೂನ್ ಎಂಬ ಭೌತವಿಜ್ಞಾನಿ ಲಾವಾ ಮತ್ತು ಅದರ ಅಡಿಯ ಸುಟ್ಟ ಜೇಡಿಮಣ್ಣಿನ ಕಾಂತತ್ವ ಅಳೆದು, ಎರಡೂ ಈಗಿನ ದಿಕ್ಕಿಗೆ ತಿರುವುಮುರುವಾಗಿವೆ ಎಂದು 1906ರಲ್ಲಿ ಪ್ರಕಟಿಸಿದ. ಲಾವಾ ತಣಿಯುವಾಗ ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಶಾಖಕ್ಕೆ ಸುಟ್ಟ ಮಣ್ಣೂ ಅದನ್ನೇ ಹಿಡಿಯುತ್ತದೆ. ಎರಡು ಬೇರೆ ವಸ್ತುಗಳು ಒಂದೇ ಸಾಕ್ಷಿ ಹೇಳಿದ್ದರಿಂದ ಮಾತಿಗೆ ತೂಕ ಬಂತು. ಜಪಾನಿನ ಮೊತೊನೊರಿ ಮತುಯಾಮ 1929ರಲ್ಲಿ ಇಂಥ ಕಲ್ಲುಗಳನ್ನು ಕಾಲಕ್ಕೆ ಹೊಂದಿಸಿ ತೋರಿಸಿದ. ಭೂಕಾಂತ ತಿರುವುಮುರುವು ಸ್ಥಿತಿಯಿಂದ ಈಗಿನ ದಿಕ್ಕಿಗೆ ಮರಳಿದ ಗಡಿಗೆ ಇವರಿಬ್ಬರ ಹೆಸರಿದೆ, ಅದು ಸುಮಾರು 7.7 ಲಕ್ಷ ವರ್ಷದ ಹಿಂದಿನದು. ನಿಮ್ಮ ಲಾವಾದ ಕಾಂತದಿಕ್ಕು ತಿರುವುಮುರುವಾಗಿದ್ದರೆ, ಅದು ಬಹುತೇಕ ಆ ಗಡಿಗಿಂತ ಹಳೆಯದು.

ನಮ್ಮ ಬೆಟ್ಟದ ಕೆಲಸಕ್ಕೆ ಸುಟ್ಟ ಗುರುತು ಇನ್ನೊಂದು ಉಪಕಾರ ಮಾಡುತ್ತದೆ. ಲಾವಾ ಮೇಲೆ ಹರಿದಿದ್ದರೆ ಕೆಳಗಿನ ಮಣ್ಣು ಮಾತ್ರ ಸುಟ್ಟು ಕೆಂಪಾಗುತ್ತದೆ. ಶಿಲಾರಸ ಪದರಗಳ ನಡುವೆ ಆಮೇಲೆ ನುಗ್ಗಿ ಗಟ್ಟಿಯಾಗಿದ್ದರೆ, ಅಂದರೆ ಸಿಲ್ ಆಗಿದ್ದರೆ, ಮೇಲಿನದೂ ಕೆಳಗಿನದೂ ಎರಡೂ ಸುಟ್ಟಿರುತ್ತವೆ. ಆಗ ಮೇಲಿನ ಪದರ ಹಳೆಯದು, ಕೆಳಗಿನ ಈ ಕಪ್ಪು ಕಲ್ಲು ಹೊಸದು. ಮೇಲಿರುವುದು ಹೊಸದು ಅನ್ನುವ 1669ರ ಸ್ಟೆನೋ ನಿಯಮ ಇಲ್ಲಿ ಕೈಕೊಡುತ್ತದೆ. ನಾನು ಒಂದು ಸಿಲ್ಲನ್ನು ಲಾವಾ ಎಂದು ಬರೆದು, ಇಡೀ ಬೆಟ್ಟದ ವಯಸ್ಸಿನ ಸಾಲನ್ನೇ ತಲೆಕೆಳಗು ಮಾಡಿದ್ದೆ. ತಲೆಯ ಮೇಲಿನ ಅಂಚನ್ನು ನೋಡಲು ಎರಡು ಮೀಟರ್ ಹತ್ತಬೇಕಿತ್ತು. ಸುಸ್ತಾಗಿತ್ತು, ಹತ್ತಲಿಲ್ಲ. ಅಷ್ಟೇ.

ಸಂದಿಯಲ್ಲಿ ಏನೂ ಇಲ್ಲದಿದ್ದರೆ ಅದೂ ಒಂದು ಸುದ್ದಿಯೇ. ಕ್ರಿ.ಶ. 79ರಲ್ಲಿ ಇಟಲಿಯ ವೆಸುವಿಯಸ್ ಜ್ವಾಲಾಮುಖಿಯ ಸ್ಫೋಟದಲ್ಲಿ ಪಾಂಪೇ ಪಟ್ಟಣದ ಮೇಲೆ ಮೊದಲು ಬಿಳಿ ಪ್ಯೂಮಿಸ್, ಅಂದರೆ ತೂತುತೂತಾದ ಹಗುರ ಕಲ್ಲು ಉದುರಿತು, ಆಮೇಲೆ ಬೂದು ಪ್ಯೂಮಿಸ್. ಬಣ್ಣ ನೋಡಿದರೆ ಎರಡು ಸ್ಫೋಟ ಅನ್ನಿಸುತ್ತದೆ, ಅಲ್ವಾ? ನಡುವೆ ಮಣ್ಣಿಲ್ಲ, ಹಳ್ಳವಿಲ್ಲ. ಒಂದೇ ಸ್ಫೋಟ ತನ್ನ ಶಿಲಾರಸದ ಕೋಣೆಯನ್ನು ಮೇಲಿನಿಂದ ಆಳಕ್ಕೆ ಖಾಲಿ ಮಾಡುತ್ತಾ ಹೋಗಿತ್ತು. ನೇಪಲ್ಸ್ ಸುತ್ತಲಿನ ಹಳದಿ ಟಫ್, ಅಂದರೆ ಬೂದಿ ಗಟ್ಟಿಯಾಗಿ ಆದ ಕಲ್ಲು, ಇನ್ನೊಂದು ಪಾಠ. ಗಟ್ಟಿಯಾದ ಹಳದಿ ಕಲ್ಲು ಒಂದು ಕಡೆ, ಸಡಿಲವಾದ ಬೂದು ಬೂದಿ ಇನ್ನೊಂದು ಕಡೆ. ಹಳದಿಯಾದದ್ದು ಆಮೇಲೆ ಬೆಳೆದ ಝಿಯೋಲೈಟ್ ಖನಿಜಗಳಿಂದ. ಎರಡೂ ಒಂದೇ ಸ್ಫೋಟದವು. ಬಣ್ಣ ಬದಲಾದ ಕಡೆಯೆಲ್ಲ ಸುಮ್ನೆ ಗೆರೆ ಎಳೆಯುತ್ತಾ ಹೋದರೆ ನಕ್ಷೆ ಚಿತ್ತಾರವಾಗುತ್ತದೆ, ಭೂವಿಜ್ಞಾನ ಆಗುವುದಿಲ್ಲ.

ಗೆರೆ ಹಿಡಿದು ನಡೆಯುವುದು

ಒಂದು ಕಾಂಟ್ಯಾಕ್ಟ್ ಸಿಕ್ಕಿತು ಎಂದುಕೊಳ್ಳಿ. ಅದನ್ನು ಬಿಡದೆ ಹಿಂಬಾಲಿಸಿ. ಹಾಸುಗಳು ಅಡ್ಡಡ್ಡ ಮಟ್ಟಸವಾಗಿದ್ದರೆ ಗೆರೆ ಎತ್ತರರೇಖೆಯ ಜೊತೆಗೇ ಸಾಗುತ್ತದೆ. ಜ್ವಾಲಾಮುಖಿಯ ಮೈಮೇಲೆ ಹಾಗಿರುವುದಿಲ್ಲ. ಪದರಗಳು ಹುಟ್ಟುವಾಗಲೇ ವಾಲಿ ಹುಟ್ಟುತ್ತವೆ. ಕಿಡಿಗಲ್ಲು ಸುರಿದ ಸ್ಕೋರಿಯಾ ಗುಡ್ಡದಲ್ಲಿ 30 ಡಿಗ್ರಿಗೂ ಹೆಚ್ಚು ಇಳಿಜಾರು ಸಹಜ. ಅದನ್ನು ನೋಡಿ ಭೂಮಿ ಆಮೇಲೆ ವಾಲಿತು ಎಂದು ಬರೆಯಬೇಡಿ. ಪದರದ ವಾಲು ಮತ್ತು ಬೆಟ್ಟದ ವಾಲು ಹೆಚ್ಚುಕಡಿಮೆ ಒಂದೇ ಆಗಿರುವ ಕಡೆ, ಕೆಳಗಿನ ಪದರ ಕೊರಕಲುಗಳಲ್ಲಿ ಮಾತ್ರ ಉದ್ದುದ್ದ ಪಟ್ಟಿಗಳಾಗಿ ಇಣುಕುತ್ತದೆ. ಹಾಗಾಗಿ ನಡೆಯುವುದು ದಿಣ್ಣೆಯ ಮೇಲಲ್ಲ, ಕೊರಕಲಿನೊಳಗೆ.

ಇನ್ನೊಂದು ಬಲೆ: ಲಾವಾ ನೀರಿನ ಹಾಗೆ ಕಣಿವೆ ಹುಡುಕುತ್ತದೆ. ಹಳೆಯ ಪದರಗಳನ್ನು ಕೊರೆದ ಕಣಿವೆಯ ತಳದಲ್ಲಿ ಹೊಸ ಲಾವಾ ಕೂರುತ್ತದೆ. ಎತ್ತರ ನೋಡಿದರೆ ಕೆಳಗಿದೆ, ವಯಸ್ಸಿನಲ್ಲಿ ಕಿರಿದು. ಮುಂದೆ ಅಕ್ಕಪಕ್ಕದ ಮೆತ್ತನೆ ಗೋಡೆಗಳು ಸವೆದು ಹೋದರೆ ಅದೇ ಲಾವಾ ದಿಣ್ಣೆಯ ನೆತ್ತಿಯಾಗಿ ನಿಲ್ಲುತ್ತದೆ. ಬದಿಯ ಅಂಚು ಹೇಗಿದೆ, ಹಳೆಯ ಪದರಕ್ಕೆ ಒರಗಿದೆಯೋ, ಅದರಡಿ ಹೋಗಿದೆಯೋ ಎಂದು ನೋಡದೆ ಇದು ಬಗೆಹರಿಯುವುದಿಲ್ಲ.

ನಿಂತ ಪ್ರತಿ ಜಾಗಕ್ಕೂ ಸಂಖ್ಯೆ ಕೊಡಿ. ಸಂಖ್ಯೆ ನಕ್ಷೆಯಲ್ಲಿ, ನೋಟ್‌ಪುಸ್ತಕದಲ್ಲಿ, ಜಿಪಿಎಸ್‌ನಲ್ಲಿ, ಕಲ್ಲಿನ ಚೀಲದ ಮೇಲೆ ಒಂದೇ ಇರಲಿ. ಕಣ್ಣಾರೆ ಕಂಡ ಕಾಂಟ್ಯಾಕ್ಟಿಗೆ ಅಖಂಡ ಗೆರೆ. ಊಹಿಸಿದ್ದಕ್ಕೆ ತುಂಡು ಗೆರೆ. ಹೊಸ ಮಣ್ಣಿನಡಿ ಮುಚ್ಚಿಹೋದದ್ದಕ್ಕೆ ಚುಕ್ಕಿ ಗೆರೆ. ಈ ಮೂರರಲ್ಲಿ ಸುಳ್ಳು ಹೇಳಬೇಡಿ. ತುಂಡು ಗೆರೆ ಜಾಸ್ತಿ ಇದ್ದರೆ ನಾಚಿಕೆಯಿಲ್ಲ.

ಗೆರೆ ಮಣ್ಣಿನಡಿ ಮಾಯವಾಗಿ ಎರಡು ಕಿಲೋಮೀಟರ್ ಆಚೆ ಒಂದು ಪ್ಯೂಮಿಸ್ ಪದರ ಕಂಡರೆ, ಅದು ನಿಮ್ಮದೇ ಪದರವೋ ಅಲ್ಲವೋ? ದಪ್ಪವನ್ನು ನಂಬಬೇಡಿ, ಗಾಳಿ ಬೀಸಿದ ಕಡೆ ಮತ್ತು ಬೀಸದ ಕಡೆ ಅಜಗಜಾಂತರ. ಹ್ಯಾಂಡ್ ಲೆನ್ಸ್‌ನಲ್ಲಿ ಹರಳುಗಳನ್ನು ನೋಡಿ. ಒಂದು ಪದರದಲ್ಲಿ ಬಯೋಟೈಟ್ ಎಂಬ ಕಪ್ಪು ಅಭ್ರಕದ ಹಾಳೆಗಳಿದ್ದು ಇನ್ನೊಂದರಲ್ಲಿ ಒಂದೂ ಇಲ್ಲದಿದ್ದರೆ ಅನುಮಾನಪಡಿ. ಮೇಲೆ ಕೆಳಗೆ ಇರುವ ನೆರೆಯ ಪದರಗಳ ಸಾಲನ್ನೂ ಹೋಲಿಸಿ. ಕೊನೆಗೆ ಪ್ರಯೋಗಾಲಯದಲ್ಲಿ ಬೂದಿಯ ಗಾಜಿನ ಚೂರುಗಳ ರಾಸಾಯನಿಕ ಗುಣ ನೋಡಿಸಿ. ಬೂದಿಯ ಪದರ ಹಿಡಿದು ಕಾಲ ಜೋಡಿಸುವ ಈ ವಿದ್ಯೆಗೆ ಅಡಿಪಾಯ ಹಾಕಿದ್ದು ಐಸ್‌ಲ್ಯಾಂಡಿನ ಸಿಗುರ್ದುರ್ ಥೊರಾರಿನ್ಸನ್, 1944ರಲ್ಲಿ. ಬೂದಿ ಎಂಬ ಅರ್ಥದ ಗ್ರೀಕ್ ಪದ ಟೆಫ್ರಾವನ್ನು ಬಳಕೆಗೆ ತಂದವರೂ ಅವರೇ.

ವಯಸ್ಸಿಗೆ ಬೇಕಾದ ತುಂಡು

ಇದ್ದಿಲು ಸಿಕ್ಕರೆ ಸಣ್ಣ ಕಡ್ಡಿಯದ್ದನ್ನು ಆರಿಸಿಕೊಳ್ಳಿ. ದೊಡ್ಡ ಮರದ ತಿರುಳು ಸ್ಫೋಟಕ್ಕಿಂತ ನೂರಾರು ವರ್ಷ ಮುಂಚೆಯೇ ಬೆಳೆದಿರಬಹುದು. ಕಾಂಡವೇ ಸಿಕ್ಕರೆ ಹೊರಗಿನ ಉಂಗುರ ತೆಗೆಯಿರಿ. ಕಾರ್ಬನ್ ವಿಧಾನ ಸುಮಾರು 50,000 ವರ್ಷದವರೆಗೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕಿಂತ ಹಳೆಯ ಲಾವಾಗೆ ಆರ್ಗಾನ್ ವಿಧಾನ. ಅದಕ್ಕೆ ಹರಿವಿನ ನಡುಭಾಗದ, ಗಾಳಿ ನೀರು ತಾಗಿ ಕೊಳೆಯದ ಗಟ್ಟಿ ಕಲ್ಲು ಬೇಕು. ವಯಸ್ಸು ಅಳೆಸುವುದು ದುಬಾರಿ. ಯಾವ ತುಂಡು ಕಳಿಸಿದರೆ ಹೆಚ್ಚು ಪ್ರಶ್ನೆಗಳು ಬಗೆಹರಿಯುತ್ತವೆ ಎಂದು ಮೊದಲೇ ಯೋಚಿಸಿ.

ಜೀವ ಮೊದಲು

ಮಳೆ ಬಂದರೆ ಕೊರಕಲಿನಿಂದ ತಕ್ಷಣ ಹೊರಗೆ ಬನ್ನಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಶಿಖರದಲ್ಲಿ ಮಳೆಯಾಗಿ ಕೆಸರು ಇಳಿದು ಬರಬಹುದು. ಕಾರ್ಬನ್ ಡೈಆಕ್ಸೈಡ್ ತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ, ವಾಸನೆ ಇಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗೇ ಸತ್ತುಹೋಗುತ್ತದೆ. ವಾಸನೆ ನಿಂತಿತು ಎಂದರೆ ಅನಿಲ ಹೋಯಿತು ಅಂತಲ್ಲ. ಒಬ್ಬರೇ ಹೋಗಬೇಡಿ. ಎಚ್ಚರಿಕೆಯ ಮಟ್ಟ ಏರಿದ್ದರೆ ಹೋಗಲೇಬೇಡಿ. ಸೇಂಟ್ ಹೆಲೆನ್ಸ್ ಕುಸಿತದ ಗುಡ್ಡೆಗಳನ್ನು ವರ್ಷಗಟ್ಟಲೆ ಅಳೆದ ಹ್ಯಾರಿ ಗ್ಲಿಕನ್ 1991ರ ಜೂನ್ 3ರಂದು ಜಪಾನಿನ ಉನ್‌ಜೆನ್ ಜ್ವಾಲಾಮುಖಿಯಲ್ಲಿ ಬಿಸಿ ಹರಿವಿಗೆ ಸಿಕ್ಕಿ ತೀರಿಕೊಂಡರು. ಆ ದಿನ ಸತ್ತವರು 43 ಮಂದಿ. ಅವರಿಗಿಂತ ನಮಗೆ ಜಾಸ್ತಿ ಗೊತ್ತಿಲ್ಲ.

ಹಾಳೆಯ ಮೇಲೆ

ದಿನಾ ರಾತ್ರಿ, ಎಷ್ಟೇ ಸುಸ್ತಾಗಿದ್ದರೂ, ಆ ದಿನದ ಗೆರೆಗಳಿಗೆ ಶಾಯಿ ಹಾಕಿ. ಮರುದಿನಕ್ಕೆ ಬಿಟ್ಟರೆ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಮರೆಯುತ್ತದೆ. ಕ್ಯೂಜಿಐಎಸ್‌ನಂಥ ನಕ್ಷೆ ಮಾಡುವ ತಂತ್ರಾಂಶಕ್ಕೆ ಆಮೇಲೆ ಏರಿಸಿದರಾಯಿತು. ಕಾಗದದ ಹಾಳೆಯನ್ನು ಮಾತ್ರ ಎಸೆಯಬೇಡಿ.

ಪದರಗಳನ್ನು ಗುಂಪು ಮಾಡುವಾಗ ನೂರಾರು ಹರಿವುಗಳಿಗೆ ನೂರಾರು ಬಣ್ಣ ಕೊಡಲಾಗುವುದಿಲ್ಲ. ದೊಡ್ಡ ಕೊರೆತದ ಅಂಚುಗಳನ್ನು ಗಡಿಯಾಗಿಟ್ಟುಕೊಂಡು, ಅವುಗಳ ನಡುವೆ ಬಂದದ್ದನ್ನೆಲ್ಲ ಒಂದು ಗುಂಪು ಮಾಡುವ ಪದ್ಧತಿಯಿದೆ. ಆ ಗುಂಪಿಗೆ ಸಿಂಥೆಮ್ ಎನ್ನುತ್ತಾರೆ. 2011ರಲ್ಲಿ ಬಂದ, ಇಟಲಿಯ ಎಟ್ನಾ ಜ್ವಾಲಾಮುಖಿಯ 1:50,000 ನಕ್ಷೆ ಇದೇ ದಾರಿ ಹಿಡಿದಿದೆ. ನನಗೂ ಇದೇ ಇಷ್ಟ, ಕಾರಣ ನಿಮಗೆ ಈಗಾಗಲೇ ಗೊತ್ತು. ಸೂಚಿಯಲ್ಲಿ ಅತಿ ಹೊಸದು ಮೇಲೆ, ಅತಿ ಹಳೆಯದು ಕೆಳಗೆ.

ಕೊನೆಗೆ ಬೆಟ್ಟವನ್ನು ಕತ್ತರಿಸಿದಂತೆ ಒಂದು ಅಡ್ಡಸೀಳು ಬರೆಯಿರಿ. ಎತ್ತರವನ್ನು ಹಿಗ್ಗಿಸದೆ, ಅಡ್ಡಕ್ಕೂ ಉದ್ದಕ್ಕೂ ಒಂದೇ ಅಳತೆಯಲ್ಲಿ. ಸುಳ್ಳು ಗೆರೆಗಳು ಇಲ್ಲೇ ಸಿಕ್ಕಿಬೀಳುವುದು. ನನ್ನ ಎರಡನೆಯ ನಕ್ಷೆಯ ಅಡ್ಡಸೀಳಿನಲ್ಲಿ ಒಂದು ಪ್ಯೂಮಿಸ್ ಪದರ ಕಣಿವೆಯ ಮೇಲೆ ಗಾಳಿಯಲ್ಲಿ ತೇಲುತ್ತಿತ್ತು. ಮೇಷ್ಟ್ರಿಗೆ ತೋರಿಸಲಿಲ್ಲ. ಬೆಳಗಿನ ಜಾವ ಎದ್ದು, ಕರಣೆ ಹಿಡಿದು, 47ನೇ ಸಂಖ್ಯೆಯ ಜಾಗಕ್ಕೆ ವಾಪಸ್ ಹೋದೆ.